ವೀಡ್ ಕಟರ್‌ನಿಂದ ಹೊಲಿಗೆ ಮಷಿನ್‌ವರೆಗೆ: ಯಾವುದಕ್ಕೆ ಯಾವ ಆಯಿಲ್?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಮೂರು ಎಕರೆ ಅಡಿಕೆ ತೋಟ. ಟೂ ಸ್ಟ್ರೋಕ್ ವೀಡ್ ಕಟರ್ ಇದೆ, ಔಷಧಿ ಹೊಡೆಯಲು ಹೋಂಡಾ ಜಿಎಕ್ಸ್160 ಎಂಜಿನ್ ಕೂರಿಸಿದ ಎಚ್‌ಟಿಪಿ ಪಂಪು ಇದೆ, ಒಂದು ಚೈನ್ ಗರಗಸ, ಹಳ್ಳದ ಹತ್ತಿರ ಒಂದು ಹಳೇ ಡೀಸೆಲ್ ಪಂಪ್‌ಸೆಟ್ ಕೂಡ ಇದೆ. ಅಂಗಡಿಯಲ್ಲಿ ಕೊಟ್ಟ 20ಡಬ್ಲ್ಯೂ-40 ಬೈಕ್ ಆಯಿಲ್ ಅನ್ನೇ ಎಲ್ಲದಕ್ಕೂ ಬಳಸುತ್ತಿದ್ದೆ. ವೀಡ್ ಕಟರ್‌ಗೂ ಅದನ್ನೇ ಅಂದಾಜಿನ ಮೇಲೆ ಪೆಟ್ರೋಲಿಗೆ ಬೆರೆಸುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಕಳೆ ಹೊಡೆಯುತ್ತಿರುವಾಗಲೇ ಅದು ಜಾಮ್ ಆಯಿತು. ಆಯಿಲ್ ಸರಿ ಇಲ್ಲ ಅಂದರು ಮೆಕ್ಯಾನಿಕ್. ಎಲ್ಲಕ್ಕೂ ಆಗುವಂಥ ಒಂದೇ ಆಯಿಲ್ ಇಲ್ಲವಾ? ಗರಗಸದ ಚೈನ್‌ಗೆ ಬದಲಿಸಿ ತೆಗೆದ ಹಳೇ ಆಯಿಲ್ ಹಾಕಬಹುದಾ? ಮನೆಯವರ ಹೊಲಿಗೆ ಮಷಿನ್‌ಗೆ ಕೊಬ್ಬರಿ ಎಣ್ಣೆ ಬಿಡುತ್ತೇವೆ, ಅದೂ ತಪ್ಪಾ?

ಉತ್ತರ: ಎಲ್ಲಕ್ಕೂ ಆಗುವ ಆಯಿಲ್ ಇಲ್ಲ. ನಿಮ್ಮ ಅಂಗಡಿಯವರು ಕೊಟ್ಟಿದ್ದು ಕಳಪೆ ಅಂತ ಇದರ ಅರ್ಥ ಅಲ್ಲ. ಬೈಕಿಗೆ ಅದು ಒಳ್ಳೆಯ ಆಯಿಲೇ ಇರಬಹುದು. ಆದರೆ ನಿಮ್ಮ ಒಂದೊಂದು ಮಷಿನ್‌ನಲ್ಲೂ ಆಯಿಲ್‌ಗೆ ಬೇರೆ ಬೇರೆ ಕೆಲಸ. ವೀಡ್ ಕಟರ್‌ನಲ್ಲಿ ಅದು ಪೆಟ್ರೋಲ್ ಜೊತೆ ಸುಟ್ಟು ಹೋಗಬೇಕು. ಜಿಎಕ್ಸ್160ಯಲ್ಲಿ ತಿಂಗಳುಗಟ್ಟಲೆ ಒಳಗೇ ಇದ್ದು ಕೊಳೆ ಹೊತ್ತುಕೊಂಡಿರಬೇಕು. ಗರಗಸದಲ್ಲಿ ಓಡುವ ಚೈನ್‌ಗೆ ಅಂಟಿಕೊಂಡೇ ಇರಬೇಕು. ಹಾಗಾಗಿ ಡಬ್ಬಿ ಮೇಲಿನ ನಂಬರ್ ನೋಡುವ ಮೊದಲು, ಈ ಮಷಿನ್ ಒಳಗೆ ಹೋದ ಆಯಿಲ್ ಕೊನೆಗೆ ಏನಾಗುತ್ತದೆ ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಮೊದಲು ಜಾಮ್ ಆದ ವೀಡ್ ಕಟರ್ ವಿಷಯ, ನಿಮಗೆ ಜಾಸ್ತಿ ನಷ್ಟ ಆಗಿರುವುದು ಅದರಲ್ಲೇ.

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ನಿಲ್ಲುವ ಜಾಗವೇ ಇಲ್ಲ. ಪೆಟ್ರೋಲಿನಲ್ಲಿ ಬೆರೆತ ಆಯಿಲ್ ಕಾರ್ಬುರೇಟರ್‌ನಿಂದ ಕ್ರಾಂಕ್‌ಕೇಸ್‌ಗೆ ಹೋಗುತ್ತದೆ. ಅಲ್ಲಿ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ಒದ್ದೆ ಮಾಡಿ, ಮೇಲೆ ಹೋಗಿ ಸುಟ್ಟು, ಸೈಲೆನ್ಸರ್‌ನಿಂದ ಹೊರಗೆ ಬೀಳುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕು ಓಡಿಸಿದವರಿಗೆ ಇದು ಗೊತ್ತು, ಅವಕ್ಕೂ ಟ್ಯಾಂಕಿಗೆ ಆಯಿಲ್ ಬೆರೆಸಿದ ಪೆಟ್ರೋಲೇ. ಒಂದಕ್ಕೆ ಐವತ್ತರ ಲೆಕ್ಕದಲ್ಲಿ ಬೆರೆಸಿದರೆ ಒಂದು ಲೀಟರ್ ಪೆಟ್ರೋಲಿಗೆ ಬರೀ 20 ಮಿಲಿ ಆಯಿಲ್. ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗುವ ಎಂಜಿನ್ ಬದುಕಿರುವುದು ಅಷ್ಟರ ಮೇಲೆ.

ಟೂಟಿ (2ಟಿ), ಅಂದರೆ ಟೂ ಸ್ಟ್ರೋಕ್ ಆಯಿಲ್ ಅನ್ನು ಈ ಕೆಲಸಕ್ಕೆಂದೇ ಮಾಡಿರುತ್ತಾರೆ. ಪೆಟ್ರೋಲ್ ಜೊತೆ ಬೇಗ ಬೆರೆಯಬೇಕು, ಸುಟ್ಟಾಗ ಬೂದಿ ಜಾಸ್ತಿ ಉಳಿಯಬಾರದು. ಬೈಕ್ ಆಯಿಲ್ ಹಾಗಲ್ಲ. ಎಂಜಿನ್ ತೊಳೆಯಲು, ಸವೆತ ತಡೆಯಲು ಅದಕ್ಕೆ ಕ್ಯಾಲ್ಸಿಯಂ, ಸತು ಇರುವ ರಾಸಾಯನಿಕ ಸೇರಿಸಿರುತ್ತಾರೆ. ಫೋರ್ ಸ್ಟ್ರೋಕ್ ಒಳಗೆ ಅವು ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ಸುಟ್ಟರೆ ಬೂದಿಯಾಗಿ ಪ್ಲಗ್ ಮೇಲೆ, ರಿಂಗ್ ಸಂದಿಯಲ್ಲಿ, ಸೈಲೆನ್ಸರ್ ಬಾಯಲ್ಲಿ ಕೂರುತ್ತವೆ. ರಿಂಗ್ ಅಂಟಿಕೊಂಡು ಅಲುಗಾಡದೆ ಹೋಗುತ್ತದೆ. ಮೇಲಿನ ಬಿಸಿ ಗಾಳಿ ಕೆಳಗೆ ನುಗ್ಗಿ, ಪಿಸ್ಟನ್ ಪಕ್ಕದಲ್ಲಿ ಇದ್ದ ಅಷ್ಟಿಷ್ಟು ಆಯಿಲನ್ನೂ ಒಣಗಿಸುತ್ತದೆ. ಅದರ ಮೇಲೆ ಅಂದಾಜಿನ ಅಳತೆ ಬೇರೆ. ಜಾಮ್ ಆಗಿದ್ದು ಆಶ್ಚರ್ಯ ಅಲ್ಲ.

ಆದರೂ ಮೆಕ್ಯಾನಿಕ್ ಮಾತನ್ನು ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ಎಂಜಿನ್ ತಣ್ಣಗಿರುವಾಗ ಪ್ಲಗ್ ವೈರ್ ತೆಗೆದು, ಸೈಲೆನ್ಸರ್ ಬಿಚ್ಚಿ. ಒಳಗೆ ಒಂದು ಕಿಂಡಿ, ಆ ಕಿಂಡಿಯಲ್ಲಿ ಪಿಸ್ಟನ್ನಿನ ಪಕ್ಕ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿ. ಆರೋಗ್ಯವಾಗಿದ್ದರೆ ನಯವಾಗಿ, ಬೂದು ಬಣ್ಣದಲ್ಲಿ ಹೊಳೆಯುತ್ತದೆ. ಸೀಜ್ ಆಗಿದ್ದರೆ ಮೇಲಿನಿಂದ ಕೆಳಗೆ ಉದ್ದುದ್ದ ಗೆರೆ ಬಿದ್ದಿರುತ್ತವೆ, ಅಲ್ಲಲ್ಲಿ ಅಲ್ಯುಮಿನಿಯಂ ಕರಗಿ ಮೆತ್ತಿಕೊಂಡ ಹಾಗಿರುತ್ತದೆ. ಗೆರೆ ಯಾವ ಕಡೆ ಇದೆ ಅನ್ನುವುದು ಮುಖ್ಯ. ಸೈಲೆನ್ಸರ್ ಕಡೆ ಮಾತ್ರ ಜಾಸ್ತಿ ಇದ್ದರೆ ಎಂಜಿನ್ ಬಿಸಿ ಏರಿ ಹಿಡಿದಿದೆ. ಕಾರ್ಬುರೇಟರ್ ಪೆಟ್ರೋಲ್ ಕಡಿಮೆ ಬಿಡುತ್ತಿರಬಹುದು, ಅಥವಾ ಸಿಲಿಂಡರ್ ರೆಕ್ಕೆಗಳ ನಡುವೆ ಹುಲ್ಲು ತುಂಬಿಕೊಂಡು ಗಾಳಿ ಆಡದೆ ಇರಬಹುದು. ಮಳೆಗಾಲದ ಹಸಿ ಹುಲ್ಲಿನಲ್ಲಿ ಇದು ಸಾಮಾನ್ಯ. ಎದುರಿನ ಕಾರ್ಬುರೇಟರ್ ಕಡೆಯಲ್ಲಿ ಸಣ್ಣ ಸಣ್ಣ ಗೀರು ಇದ್ದರೆ ಏರ್ ಫಿಲ್ಟರ್ ದಾಟಿ ದೂಳು ಬಂದಿದೆ. ಅದನ್ನು ನೋಡಲು ಕಾರ್ಬುರೇಟರ್ ಬಿಚ್ಚಬೇಕು. ಸುತ್ತಲೂ ಒಂದೇ ಸಮ ಗೆರೆ ಎದ್ದಿದ್ದರೆ ಮಾತ್ರ ಆಯಿಲ್ ಸಾಲದೆ ಒಣಗಿ ಓಡಿದೆ ಎಂದು ಧೈರ್ಯವಾಗಿ ಹೇಳಬಹುದು. ಕಾರಣ ತಿಳಿಯದೆ ಹೊಸ ಪಿಸ್ಟನ್ ಹಾಕಿಸಿದರೆ ಅದಕ್ಕೂ ಮುಂದಿನ ಮಳೆಗಾಲದಲ್ಲಿ ಇದೇ ಗತಿ.

ಹಾಗಾದರೆ ಯಾವ ಟೂಟಿ? ಡಬ್ಬಿ ಹಿಂದೆ ಜಪಾನಿನ ದರ್ಜೆ ಗುರುತು ಜಾಸೋ ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ಬರೆದಿರುತ್ತಾರೆ. ಎಫ್‌ಬಿ ಕೆಳಗಿನ ದರ್ಜೆ. ಎಫ್‌ಸಿಯಲ್ಲಿ ಹೊಗೆ ಕಡಿಮೆ. ಎಫ್‌ಡಿ ಅದರಷ್ಟೇ ಕಡಿಮೆ ಹೊಗೆಯದು, ಮೇಲಿಂದ ಪಿಸ್ಟನ್ನನ್ನು ಇನ್ನೂ ಚೊಕ್ಕವಾಗಿ ಇಡುತ್ತದೆ. ವೀಡ್ ಕಟರ್ ಮತ್ತು ಗರಗಸಕ್ಕೆ ಎಫ್‌ಡಿ ತಗೊಳ್ಳಿ ಅನ್ನುವುದು ನನ್ನ ಮಾತು. ಒಂದು ಲೀಟರ್ ಡಬ್ಬಿ ಒಂದಕ್ಕೆ ಐವತ್ತರಂತೆ 50 ಲೀಟರ್ ಪೆಟ್ರೋಲಿಗೆ ಬರುತ್ತದೆ. ಅದರಲ್ಲಿ ನೂರು ಇನ್ನೂರು ರೂಪಾಯಿ ಉಳಿಸುವುದರಲ್ಲಿ ಅರ್ಥ ಇಲ್ಲ. ಟಿಸಿ-ಡಬ್ಲ್ಯೂ3 ಅಂತ ಇನ್ನೊಂದು ಸಿಗುತ್ತದೆ. ಅದು ಮಲ್ಪೆ, ಮಂಗಳೂರು ಕಡೆಯ ದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗೆ. ಅವು ನೀರಿನಲ್ಲಿ ತಣ್ಣಗಾಗುವ ಎಂಜಿನ್. ಗಾಳಿಯಲ್ಲೇ ತಣ್ಣಗಾಗಬೇಕಾದ ನಿಮ್ಮ ಮಷಿನ್ ಅದಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ, ಹಾಗಾಗಿ ಅದು ಬೇಡ.

ಅಳತೆಯನ್ನು ಮಷಿನ್ ಜೊತೆ ಬಂದ ಪುಸ್ತಕ ನೋಡಿಯೇ ಹಾಕಿ. ಒಂದಕ್ಕೆ ಐವತ್ತು ಅಂದರೆ 5 ಲೀಟರಿಗೆ 100 ಮಿಲಿ. ಒಂದಕ್ಕೆ ನಲವತ್ತು ಅಂದರೆ 125 ಮಿಲಿ. ಒಂದಕ್ಕೆ ಇಪ್ಪತ್ತೈದು ಅಂದರೆ 200 ಮಿಲಿ. ಕೆಲವು ಕಂಪನಿಗಳು ತಮ್ಮ ಆಯಿಲ್ ಆದರೆ ಐವತ್ತು, ಬೇರೆಯದಾದರೆ ಇಪ್ಪತ್ತೈದು ಅಂತ ಎರಡು ಅಳತೆ ಬರೆದಿರುತ್ತವೆ. ವಾರಂಟಿ ಇರುವವರೆಗೆ ಅದನ್ನು ಮೀರಬೇಡಿ. ಒಂದಿಷ್ಟು ಜಾಸ್ತಿ ಹಾಕಿದರೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಆಯಿಲ್ ಕಡಿಮೆಯಾದರೆ ಎಂಜಿನ್ ಹೋಗುತ್ತದೆ, ಜಾಸ್ತಿಯಾದರೆ ಪ್ಲಗ್ ಹೋಗುತ್ತದೆ, ಸೈಲೆನ್ಸರ್ ಜಾಲರಿ ಮಸಿ ಕಟ್ಟಿ ಮಷಿನ್ ಎಳೆಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ದೊಡ್ಡ ಸಿರಿಂಜ್ ಒಂದು ತಂದಿಟ್ಟುಕೊಂಡರೆ ಈ ಸಮಸ್ಯೆಯೇ ಇರುವುದಿಲ್ಲ. ಬಾಟಲಿ ಮುಚ್ಚಳದ ಅಳತೆ ಬಿಟ್ಟುಬಿಡಿ.

ಬೆರೆಸುವುದು ಮಷಿನ್ ಟ್ಯಾಂಕಿನಲ್ಲಿ ಅಲ್ಲ, ಬೇರೆ ಕ್ಯಾನಿನಲ್ಲಿ. ಅರ್ಧ ಪೆಟ್ರೋಲ್, ಮೇಲೆ ಆಯಿಲ್, ಚೆನ್ನಾಗಿ ಕುಲುಕಿ, ಆಮೇಲೆ ಉಳಿದ ಪೆಟ್ರೋಲ್, ಮತ್ತೆ ಕುಲುಕಿ. ಟ್ಯಾಂಕಿಗೆ ಹಾಕುವ ಮೊದಲು ಇನ್ನೊಮ್ಮೆ ಅಲ್ಲಾಡಿಸಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಜೂನ್, ಜುಲೈನಲ್ಲಿ ತೇವಕ್ಕೆ ಬರವೇ ಇಲ್ಲ. ನೀರು ಜಾಸ್ತಿಯಾದರೆ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಕ್ಯಾನಿನ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಮಷಿನ್ ಎಳೆದುಕೊಳ್ಳುವುದು ತಳದ್ದನ್ನು. ಅಂದರೆ ನೀವು ಸರಿಯಾಗೇ ಅಳೆದು ಬೆರೆಸಿದ್ದರೂ ಎಂಜಿನ್‌ಗೆ ಆಯಿಲ್ ಸಿಗುವುದಿಲ್ಲ. ಅದಕ್ಕೇ ಒಂದೆರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ, ಕ್ಯಾನ್ ಮುಚ್ಚಳ ಬಿಗಿಯಾಗಿರಲಿ, ತಿಂಗಳು ದಾಟಿದ್ದನ್ನು ಬಳಸಬೇಡಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಮಷಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಕಾರ್ಬುರೇಟರ್ ಒಳಗಿನ ತೆಳು ಪೊರೆ (ಡಯಾಫ್ರಂ) ಕೂಡ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಹೊರಗಿನಿಂದ ನೋಡಿ ಟೂ ಸ್ಟ್ರೋಕಾ ಫೋರ್ ಸ್ಟ್ರೋಕಾ ಅಂತ ನಿರ್ಧರಿಸಬೇಡಿ. ಹೋಂಡಾ ಜಿಎಕ್ಸ್35 ಇರುವ ವೀಡ್ ಕಟರ್ ನಿಮ್ಮದರ ಹಾಗೇ ಕಾಣುತ್ತದೆ. ಆದರೆ ಅದು ಫೋರ್ ಸ್ಟ್ರೋಕ್, ಟ್ಯಾಂಕಿಗೆ ಬರೀ ಪೆಟ್ರೋಲ್, ಎಂಜಿನ್‌ಗೆ ಬೇರೆಯಾಗಿ ಕೇವಲ 100 ಮಿಲಿ ಆಯಿಲ್. ಸ್ಟಿಲ್ ಕಂಪನಿಯ ಫೋರ್-ಮಿಕ್ಸ್ ಎಂಜಿನ್ ಇದಕ್ಕೆ ತದ್ವಿರುದ್ಧ. ಅದು ಫೋರ್ ಸ್ಟ್ರೋಕ್ ಆದರೂ ಆಯಿಲ್ ಬೆರೆಸಿದ ಪೆಟ್ರೋಲೇ ಬೇಕು. ಪೆಟ್ರೋಲ್ ಮುಚ್ಚಳದ ಮೇಲಿನ ಚಿತ್ರ ಮತ್ತು ಪುಸ್ತಕ, ಇವೆರಡನ್ನೇ ನಂಬಿ. ಅಕ್ಕಪಕ್ಕದವರ ಮಷಿನ್ ಎರವಲು ತಂದಾಗಂತೂ ಕೇಳಿಯೇ ಹಾಕಿ.

ಈಗ ಜಿಎಕ್ಸ್160. ಇದಕ್ಕೆ ಹೋಂಡಾ ಹೇಳುವುದು 10ಡಬ್ಲ್ಯೂ-30, ಸುಮಾರು 0.6 ಲೀಟರ್. ನಿಮ್ಮ ಡಬ್ಬಿ 20ಡಬ್ಲ್ಯೂ-40. ಈ ನಂಬರುಗಳು ಆಯಿಲ್ ಎಷ್ಟು ಒಳ್ಳೆಯದು ಅಂತ ಹೇಳುವುದಿಲ್ಲ, ಎಷ್ಟು ಮಂದ ಅಂತ ಹೇಳುತ್ತವೆ, ಅಷ್ಟೇ. ಡಬ್ಲ್ಯೂ ಹಿಂದಿನದು ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. 20ಡಬ್ಲ್ಯೂವನ್ನು ಪರೀಕ್ಷೆ ಮಾಡುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಆ ಚಳಿ ನಮ್ಮಲ್ಲಿ ಎಲ್ಲಿದೆ! ನಮಗೆ ಮುಖ್ಯ ಎರಡನೆಯ ನಂಬರ್. ಎಂಜಿನ್ ಕಾದು 100 ಡಿಗ್ರಿ ಇರುವಾಗ 30 ನಂಬರ್ ಆಯಿಲಿನ ಮಂದ 9.3ರಿಂದ 12.5, 40 ನಂಬರಿನದು 12.5ರಿಂದ 16.3 ಸೆಂಟಿಸ್ಟೋಕ್ಸ್ (ಮಂದ ಅಳೆಯುವ ಮಾನ). ವ್ಯತ್ಯಾಸ ಕಡಿಮೆಯೇನಲ್ಲ.

ಕಾರು ಬೈಕಿನ ಹಾಗೆ ಜಿಎಕ್ಸ್160ಯಲ್ಲಿ ಆಯಿಲ್ ಪಂಪ್ ಇಲ್ಲ, ಆಯಿಲ್ ಫಿಲ್ಟರೂ ಇಲ್ಲ. ಕನೆಕ್ಟಿಂಗ್ ರಾಡ್ ತುದಿಯ ಒಂದು ಚಿಕ್ಕ ನಾಲಿಗೆ ಪ್ರತಿ ಸುತ್ತಿಗೂ ಆಯಿಲಿಗೆ ಬಡಿದು ಎರಚುತ್ತದೆ. ಆ ಎರಚಲೇ ಎಲ್ಲ ಕಡೆ ತಲುಪಬೇಕು. ಅದಕ್ಕೇ ಹೇಳಿದ ಮಂದದ್ದನ್ನೇ ಹಾಕಿ, ಹೇಳಿದಷ್ಟೇ ಹಾಕಿ. ಒಂದು ದಿನ ತುರ್ತಿಗೆ 20ಡಬ್ಲ್ಯೂ-40 ಹಾಕಿ ಕೆಲಸ ಮುಗಿಸಿದರೆ ಎಂಜಿನ್ ಒಡೆಯುವುದಿಲ್ಲ, ರೂಢಿ ಮಾಡಬೇಡಿ. ಬೈಕಿಗೆ ಬರುವ 10ಡಬ್ಲ್ಯೂ-30, ಡಬ್ಬಿ ಮೇಲೆ ಅಮೆರಿಕದ ದರ್ಜೆ ಗುರುತು ಎಪಿಐ ಎಸ್‌ಜೆ ಅಥವಾ ಅದಕ್ಕಿಂತ ಹೊಸ ದರ್ಜೆ, ಅಂದರೆ ಎಸ್‌ಎಲ್, ಎಸ್‌ಎನ್ ಇದ್ದರೆ ಧಾರಾಳವಾಗಿ ಹಾಕಿ. ಜಾಸೋ ಎಂಎ ಅಂತ ಇರುವುದು ಬೈಕಿನ ಕ್ಲಚ್‌ಗೆ ಸಂಬಂಧಿಸಿದ್ದು, ನಿಮ್ಮ ಪಂಪಿಗೆ ಅದರಿಂದ ಲಾಭವೂ ಇಲ್ಲ, ತೊಂದರೆಯೂ ಇಲ್ಲ.

ಮಟ್ಟ ನೋಡುವಾಗ ಎಂಜಿನ್ ಸಮತಟ್ಟಾಗಿ ಇರಬೇಕು. ಗೇಜ್ ಕಡ್ಡಿಯನ್ನು ಒರೆಸಿ, ತಿರುಗಿಸಿ ಕೂರಿಸದೆ ಸುಮ್ನೆ ಒಳಗಿಟ್ಟು ತೆಗೆದು ನೋಡಿ. ತಿರುಗಿಸಿ ನೋಡಿದರೆ ಆಯಿಲ್ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಇಳಿಜಾರಿನ ತೋಟದಲ್ಲಿ ಎಂಜಿನ್ 20 ಡಿಗ್ರಿಗಿಂತ ಜಾಸ್ತಿ ವಾಲಿದರೆ ಎರಚಲು ತಪ್ಪುತ್ತದೆ, ಕೆಳಗೆ ಕಲ್ಲೋ ಹಲಗೆಯೋ ಇಟ್ಟು ಸಮ ಮಾಡಿಕೊಳ್ಳಿ. ಹೊಸ ಎಂಜಿನ್‌ಗೆ ಮೊದಲ 20 ಗಂಟೆಗೆ ಅಥವಾ ಒಂದು ತಿಂಗಳಿಗೆ ಆಯಿಲ್ ಬದಲಿಸಬೇಕು. ಆಮೇಲೆ 100 ಗಂಟೆ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಫಿಲ್ಟರ್ ಇಲ್ಲವಲ್ಲ, ಮೊದಲ ಸಲ ಉದುರುವ ಲೋಹದ ಪುಡಿ ಹೊರಗೆ ಹೋಗಲು ಬೇರೆ ದಾರಿ ಇಲ್ಲ. ಮತ್ತೆ, ಹೊಸ ಎಂಜಿನ್‌ಗಳು ಪೆಟ್ಟಿಗೆಯಲ್ಲಿ ಆಯಿಲ್ ಇಲ್ಲದೆಯೇ ಬರುತ್ತವೆ. ತಂದ ಖುಷಿಯಲ್ಲಿ ಹಗ್ಗ ಎಳೆಯುವ ಮೊದಲು ಆಯಿಲ್ ಹಾಕಿ.

ಎಚ್‌ಟಿಪಿ ಪಂಪಿಗೆ ಎಂಜಿನ್‌ನಿಂದ ಬೇರೆಯಾಗಿ ತನ್ನದೇ ಆಯಿಲ್ ಇದೆ. ಅದನ್ನು ಎಷ್ಟೋ ಜನ ಮುಟ್ಟುವುದೇ ಇಲ್ಲ. ಪಂಪಿನ ಹೊಟ್ಟೆಯಲ್ಲಿ ಒಂದು ಗಾಜಿನ ಕಣ್ಣು ಇರುತ್ತದೆ. ಬೋರ್ಡೋ ದ್ರಾವಣ ಹೊಡೆಯಲು ಶುರು ಮಾಡುವ ದಿನ ಅಲ್ಲಿ ನೋಡಿ. ಆಯಿಲ್ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ ಅಂತ ಅರ್ಥ. ಬರೀ ಆಯಿಲ್ ಬದಲಿಸಿದರೆ ಸಾಲದು, ಸೀಲ್ ಹಾಕಿಸಿ. ಬೋರ್ಡೋದಲ್ಲಿ ಮೈಲುತುತ್ತ ಇದೆ, ಅದು ಒಳಗೆ ಹೋದರೆ ಬೇರಿಂಗ್ ತಿನ್ನುತ್ತದೆ. ಈ ಪಂಪಿನ ಪುಸ್ತಕದಲ್ಲಿ 20ಡಬ್ಲ್ಯೂ-40 ಅಂತ ಇದ್ದರೆ ನಿಮ್ಮಲ್ಲಿ ಉಳಿದಿರುವ ಬೈಕ್ ಆಯಿಲ್ ಇಲ್ಲಿ ಬಳಕೆಯಾಗಲಿ. ಗ್ರೀಸ್ ಕಪ್‌ಗಳಿಗೆ ಗ್ರೀಸೇ ಬೇಕು. ಅಂದಹಾಗೆ ವೀಡ್ ಕಟರ್ ಬ್ಲೇಡ್ ಮೇಲಿನ ಗೇರ್ ಹೆಡ್‌ಗೂ ಗ್ರೀಸೇ, ಆಯಿಲ್ ಅಲ್ಲ. ಪಕ್ಕದ ಸಣ್ಣ ಬೋಲ್ಟ್ ಬಿಚ್ಚಿದರೆ ಹಾಕುವ ಜಾಗ ಸಿಗುತ್ತದೆ.

ಡೀಸೆಲ್ ಪಂಪ್‌ಸೆಟ್‌ಗೆ ಎಪಿಐ ದರ್ಜೆ ಸಿ ಅಕ್ಷರದಿಂದ ಶುರುವಾಗುವ ಆಯಿಲ್ ಬೇಕು. ಸಿಎಫ್-4, ಸಿಎಚ್-4, ಸಿಐ-4 ಹೀಗೆ. ಎಸ್ ಅಕ್ಷರದ್ದು ಪೆಟ್ರೋಲ್ ಎಂಜಿನ್‌ಗೆ. ಡೀಸೆಲ್ ಉರಿದಾಗ ಮಸಿ ಜಾಸ್ತಿ. ಆ ಮಸಿಯನ್ನು ಗಟ್ಟಿಯಾಗಿ ಕೂರಲು ಬಿಡದೆ ತೇಲಿಸಿಕೊಂಡಿರುವ ಶಕ್ತಿ ಸಿ ದರ್ಜೆಗೆ ಇರುತ್ತದೆ. ಅದಕ್ಕೇ ಹಾಕಿದ ಸ್ವಲ್ಪ ಹೊತ್ತಿಗೇ ಅದು ಕಪ್ಪಾಗುವುದು. ಕಪ್ಪಾಯಿತು ಅಂತ ಗಾಬರಿಯಾಗಿ ಬದಲಿಸಬೇಕಿಲ್ಲ, ಗಂಟೆ ಲೆಕ್ಕ ನೋಡಿ ಬದಲಿಸಿ. ಹಳೇ ನಿಧಾನ ಎಂಜಿನ್ ಆದರೆ ಪುಸ್ತಕದಲ್ಲಿ 30 ಅಥವಾ 40 ನಂಬರಿನ ಒಂಟಿ ಗ್ರೇಡ್ ಇರುತ್ತದೆ, ಈಚಿನದಾದರೆ ಸಾಮಾನ್ಯವಾಗಿ 15ಡಬ್ಲ್ಯೂ-40. ವರ್ಷಗಟ್ಟಲೆ ಸಾದಾ ಆಯಿಲಿನಲ್ಲಿ ಓಡಿದ ಎಂಜಿನ್‌ಗೆ ಈಗ ಸಿಐ-4 ಹಾಕಿದರೆ ತಳದಲ್ಲಿ ಕೂತ ಹಳೇ ಗಸಿ ಕರಗಿ ಏಳುತ್ತದೆ. ಮೊದಲ ಸಲ ಬೇಗನೇ ಬದಲಿಸಿಬಿಡಿ.

ಗರಗಸದಲ್ಲಿ ಎರಡು ಮುಚ್ಚಳ. ಒಂದಕ್ಕೆ ವೀಡ್ ಕಟರ್‌ನ ಹಾಗೇ ಟೂಟಿ ಬೆರೆಸಿದ ಪೆಟ್ರೋಲ್. ಇನ್ನೊಂದಕ್ಕೆ ಚೈನ್ ಆಯಿಲ್. ಇದರಲ್ಲಿ ಅಂಟು ಬರಿಸುವ ಪದಾರ್ಥ ಇರುತ್ತದೆ. ಎರಡು ಬೆರಳಿನ ನಡುವೆ ಒತ್ತಿ ಬಿಡಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಚೈನ್ ತಾನು ಸುತ್ತುವ ಉದ್ದ ಪಟ್ಟಿಯ, ಅಂದರೆ ಬಾರ್‌ನ ತುದಿಯಲ್ಲಿ ತಿರುಗುವಾಗ ಸಾದಾ ಆಯಿಲ್ ಸಿಡಿದು ಹೋಗುತ್ತದೆ, ಇದು ಅಂಟಿಕೊಂಡು ಬಾರ್‌ನ ಕೆಳಗಿನ ಅಂಚಿನವರೆಗೂ ಬರುತ್ತದೆ. ಬದಲಿಸಿ ತೆಗೆದ ಹಳೇ ಆಯಿಲ್ ಬೇಡವೇ ಬೇಡ. ಅದರಲ್ಲಿ ಲೋಹದ ಪುಡಿ, ಮಸಿ ಎಲ್ಲ ಇದೆ. ಆಯಿಲ್ ಪಂಪಿನ ಸಣ್ಣ ತೂತು ಕಟ್ಟುತ್ತದೆ, ಬಾರ್ ಸವೆಯುತ್ತದೆ. ಅದಕ್ಕಿಂತ ದೊಡ್ಡ ವಿಷಯ ನಿಮ್ಮ ಮೈ. ಗರಗಸ ಓಡಿಸುವಾಗ ಈ ಆಯಿಲ್ ಸಣ್ಣ ಹನಿಯಾಗಿ ಕೈಗೆ, ಮುಖಕ್ಕೆ ಹಾರುತ್ತದೆ, ಉಸಿರಲ್ಲೂ ಹೋಗುತ್ತದೆ. ಸುಟ್ಟ ಎಂಜಿನ್ ಆಯಿಲ್ ಚರ್ಮಕ್ಕೆ ಪದೇ ಪದೇ ತಗುಲಿದರೆ ಕ್ಯಾನ್ಸರ್ ಬರುವ ಅಪಾಯ ಇದೆ. ದುಡ್ಡಿನ ಮುಖ ನೋಡಬೇಡಿ. ಚೈನ್ ಆಯಿಲ್ ಸಿಗದ ದಿನ ಹೊಸ ಎಂಜಿನ್ ಆಯಿಲ್ ಹಾಕಿ, ಅದೂ ಆ ದಿನದ ಮಟ್ಟಿಗೆ ಮಾತ್ರ. ಗೇರಿನ 90 ನಂಬರ್ ಹಾಕಿ ಅಂತ ಹೇಳುವವರಿದ್ದಾರೆ. ಗೇರ್ ಆಯಿಲಿನ ನಂಬರಿನ ಲೆಕ್ಕವೇ ಬೇರೆ, 90 ಅಂದರೆ ಎಂಜಿನ್ ಆಯಿಲಿನ 40, 50ರ ಆಸುಪಾಸಿನ ಮಂದವೇ. ಗಂಧಕದ ವಾಸನೆ ಬೇರೆ. ಅದರಿಂದ ಲಾಭ ಏನೂ ಇಲ್ಲ.

ತೆಗೆದ ಹಳೇ ಆಯಿಲನ್ನು ತೋಟದ ಬುಡಕ್ಕೋ ಹಳ್ಳದ ದಂಡೆಗೋ ಚೆಲ್ಲಬೇಡಿ. ಮುಚ್ಚಳ ಇರುವ ಕ್ಯಾನಿನಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಹಳೇ ಆಯಿಲ್ ತಗೊಳ್ಳುವ ಗ್ಯಾರೇಜಿಗೆ ಕೊಡಿ. ಮರುಬಳಕೆ ಮಾಡುವವರು ಅಲ್ಲಿಂದ ಕೊಳ್ಳುತ್ತಾರೆ.

ಕೊನೆಗೆ ಹೊಲಿಗೆ ಮಷಿನ್. ಕೊಬ್ಬರಿ ಎಣ್ಣೆ ಬಿಡುವುದು ಊರೆಲ್ಲ ಇರುವ ರೂಢಿ, ಆದರೆ ತಪ್ಪು. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ನಿಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಮಷಿನ್ ಒಳಗೂ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಕರಗಿದರೂ ಕಾಲ ಕಳೆದಂತೆ ಹಳಸಿ, ದೂಳು ಮತ್ತು ದಾರದ ನಾರು ಸೇರಿ ಅಂಟು ಕಟ್ಟುತ್ತದೆ. ಪೆಡಲ್ ಭಾರ ಆಯಿತು ಅಂತ ಬೆಲ್ಟ್ ಬದಲಿಸುವವರಿದ್ದಾರೆ, ಕಾರಣ ಈ ಅಂಟು. ಹೊಲಿಗೆ ಮಷಿನ್ ಆಯಿಲ್ ಅಂತಲೇ ಚಿಕ್ಕ ಬಾಟಲಿ ಸಿಗುತ್ತದೆ, ನೀರಿನಷ್ಟು ತಿಳಿ, ಬೆಲೆಯೂ ಕಡಿಮೆ. ಮೊದಲು ಷಟಲ್ ಭಾಗ ಬಿಚ್ಚಿ ಬ್ರಷ್‌ನಿಂದ ನಾರು ತೆಗೆಯಿರಿ. ಹಳೇ ಅಂಟು ಇರುವ ಕಡೆಯೆಲ್ಲ ಈ ಆಯಿಲ್ ಬಿಟ್ಟು, ಸೂಜಿಗೆ ದಾರ ಹಾಕದೆ ಸ್ವಲ್ಪ ಹೊತ್ತು ಮಷಿನ್ ಓಡಿಸಿ, ಕರಗಿ ಬಂದ ಕಪ್ಪು ಕೊಳೆ ಒರೆಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಮಷಿನ್ ಹಗುರ ಆಗುತ್ತದೆ. ಆಮೇಲೆ ಒಂದೊಂದು ತೂತಿಗೂ ಒಂದೊಂದು ಹನಿ ಸಾಕು. ಬ್ಲೌಸ್ ಬಟ್ಟೆಗೆ ಕೈ ಹಾಕುವ ಮೊದಲು ಒಂದು ಹಳೇ ಬಟ್ಟೆ ಮೇಲೆ ಹೊಲಿಗೆ ಓಡಿಸಿ, ಆಯಿಲ್ ಕಲೆ ಬರುವುದು ನಿಂತ ಮೇಲೆ ಕೆಲಸ ಶುರು ಮಾಡಲು ಮನೆಯವರಿಗೆ ಹೇಳಿ.